ಸೈಕಲ್ ಸೀಟು ಎಷ್ಟು ಎತ್ತರ? ಪೆಡಲನ್ನು ಕೇಳಿ

ಅಕ್ಕನ ಮನೆ ತಿಪಟೂರಿನ ಹತ್ತಿರ ಒಂದು ಹಳ್ಳಿಯಲ್ಲಿದೆ. ಹೋದ ಸಲ ಹೋಗಿದ್ದಾಗ ಅವಳ ಕಿರಿಮಗಳು ಜಗಲಿ ಮೇಲೆ ಕೂತು ಎರಡೂ ಮೊಣಕಾಲಿಗೆ ಮುಲಾಮು ಉಜ್ಜಿಕೊಳ್ಳುತ್ತಿದ್ದಳು. ಓದುವುದು ಒಂಬತ್ತನೇ ಕ್ಲಾಸು. ಎಲ್ಲೂ ಬಿದ್ದಿಲ್ಲ, ಎಡವಿಲ್ಲ. "ಸುಮ್ನೆ ನೋಯುತ್ತೆ ಮಾಮ. ಇಲ್ಲಿ, ಚಿಪ್ಪಿನ ಮುಂದೆ. ಮೆಟ್ಟಿಲು ಹತ್ತುವಾಗ ಜಾಸ್ತಿ," ಅಂದಳು. ಶಾಲೆ ನಾಲ್ಕು ಕಿಲೋಮೀಟರ್ ದೂರ. ದಿನಾ ಸೈಕಲ್ಲಿನಲ್ಲೇ ಹೋಗಿ ಬರುತ್ತಾಳೆ.

ಆ ಸೈಕಲ್ ಅವಳ ಅಕ್ಕನಿಗೆ ಎಂಟನೇ ಕ್ಲಾಸಿನಲ್ಲಿ ಶಾಲೆಯಲ್ಲಿ ಕೊಟ್ಟಿದ್ದು. ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಸರ್ಕಾರದ ಯೋಜನೆ 2006–07ರಲ್ಲಿ ಶುರುವಾಯಿತು. ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳ ಕೈಗೆ ತಮ್ಮದು ಅಂತ ಒಂದು ಸೈಕಲ್ ಬಂದದ್ದು ಹಾಗೆ. ಹದಿಮೂರು ವರ್ಷಕ್ಕೆ ಬಂದ ಸೈಕಲ್ಲನ್ನು ಹದಿನಾರಕ್ಕೂ ಓಡಿಸುತ್ತಾರೆ. ಆಮೇಲೆ ತಂಗಿ ಓಡಿಸುತ್ತಾಳೆ, ಒಮ್ಮೊಮ್ಮೆ ಅಮ್ಮನೂ. ಕಾಲು ಬೆಳೆಯುತ್ತಾ ಹೋಗುತ್ತದೆ. ಸೀಟು ಮಾತ್ರ ಮೊದಲ ದಿನ ಬಿಗಿದ ಜಾಗದಲ್ಲೇ ಕೂತಿರುತ್ತದೆ.

"ಒಂದ್ಸಲ ಓಡಿಸಿ ತೋರಿಸು" ಅಂದೆ. ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ಪೆಡಲ್ ಪೂರ್ತಿ ಕೆಳಗೆ ಬಂದಾಗಲೂ ಅವಳ ಮೊಣಕಾಲು ಚೆನ್ನಾಗಿ ಬಾಗಿಯೇ ಇತ್ತು. ಪೆಡಲ್ ಮೇಲೆ ಬಂದಾಗಂತೂ ತೊಡೆ ಮಡಚಿ ಎದೆಯ ಕಡೆಗೆ ಬರುತ್ತಿತ್ತು. ಬಗ್ಗಿ ನೋಡಿದೆ. ಸೀಟ್ ಪೈಪು ಫ್ರೇಮಿನೊಳಗೆ ಪೂರ್ತಿ ಇಳಿದುಹೋಗಿತ್ತು.

"ಇಷ್ಟು ಕೆಳಗೆ ಯಾಕೆ ಇಟ್ಟಿದ್ದೀರ?"

"ಕಾಲು ನೆಲಕ್ಕೆ ಎಟುಕಬೇಕಲ್ವಾ ಮಾಮ?"

ಈ ಮಾತನ್ನು ನಾನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಐವತ್ತು ಸಾವಿರದ ಗೇರ್ ಸೈಕಲ್ ತಂದವರೂ ಇದನ್ನೇ ಹೇಳುತ್ತಾರೆ. ಅಂಗಡಿಯಲ್ಲಿ ಸೀಟಿನ ಮೇಲೆ ಕೂತು, ಎರಡೂ ಕಾಲು ನೆಲಕ್ಕೆ ಊರಿ, "ಹಾಂ, ಸರಿಯಾಗಿದೆ" ಅಂದುಬಿಡುತ್ತಾರೆ. ಅಲ್ಲೇ ತಪ್ಪುವುದು. ಸೈಕಲ್ ಓಡಿಸುವಾಗ ಕಾಲು ಕೆಲಸ ಮಾಡುವುದು ಪೆಡಲಿನ ಮೇಲೆ. ನೆಲಕ್ಕೂ ಸೀಟಿಗೂ ಇರುವ ದೂರ ನಿಂತಾಗ ಮಾತ್ರ ಬೇಕಾಗುತ್ತದೆ, ನಿಲ್ಲುವುದಕ್ಕೆ ಬೇರೆ ದಾರಿ ಇದೆ.

ಅಂಕಿಯಲ್ಲಿ ನೋಡಿದರೆ ಈ ತಪ್ಪು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ನನ್ನ ಕಾಲಿನ ಒಳ ಅಳತೆ, ಅಂದರೆ ತೊಡೆಸಂದಿನಿಂದ ನೆಲದವರೆಗೆ, 80 ಸೆಂ.ಮೀ. ಸಾಮಾನ್ಯ ಸೈಕಲ್ಲಿನಲ್ಲಿ ಪೆಡಲ್ ತಿರುಗುವ ಕೇಂದ್ರ ನೆಲದಿಂದ ಸುಮಾರು 28 ಸೆಂ.ಮೀ. ಮೇಲಿರುತ್ತದೆ. ಕ್ರ್ಯಾಂಕ್, ಅಂದರೆ ಪೆಡಲನ್ನು ಹಿಡಿದಿರುವ ತೋಳು, ಸುಮಾರು 17 ಸೆಂ.ಮೀ. ಉದ್ದ. ಆದ್ದರಿಂದ ಪೆಡಲ್ ಎಷ್ಟೇ ಕೆಳಗೆ ಬಂದರೂ ನೆಲದಿಂದ 11 ಸೆಂ.ಮೀ. ಮೇಲೇ ಇರುತ್ತದೆ. ನೆಲ ಮುಟ್ಟುವ ಕಾಲಿಗೆ ಹೊಂದಿಸಿದ ಸೀಟಿನಲ್ಲಿ ಕೂತು ಆ ಪೆಡಲ್ ತುಳಿದರೆ ಕಾಲು ಬಿಚ್ಚಿಕೊಳ್ಳಲು ಜಾಗವೇ ಇಲ್ಲ. ನನ್ನ ಅಳತೆಗೆ ಸರಿಯಾಗಿ ಕೂರಿಸಿದ ಸೀಟು ನೆಲದಿಂದ ಸುಮಾರು 95 ಸೆಂ.ಮೀ. ಮೇಲೆ ಬರುತ್ತದೆ. ಕಾಲು 80, ಸೀಟು 95. ನಡುವೆ ಮಕ್ಕಳ ಕಂಪಾಸ್ ಬಾಕ್ಸಿನಲ್ಲಿರುವ ಸಣ್ಣ ಸ್ಕೇಲಿನಷ್ಟು ಅಂತರ. ಸರಿಯಾದ ಎತ್ತರದ ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಊರುವುದು ಸಾಧ್ಯವೇ ಇಲ್ಲ. ಸೈಕಲ್ಲನ್ನು ಸ್ವಲ್ಪ ವಾಲಿಸಿದರೆ ಒಂದು ಕಾಲಿನ ಬೆರಳ ತುದಿ ಮುಟ್ಟೀತು, ಅಷ್ಟೇ.

ಮಣೆ ಮತ್ತು ಕುರ್ಚಿ

ಸೀಟು ತಗ್ಗಾಗಿದ್ದರೆ ಮೊಣಕಾಲಿಗೆ ಏನಾಗುತ್ತದೆ? ಇದನ್ನು ನಮ್ಮ ಮನೆಯಲ್ಲೇ ಮಾಡಿ ನೋಡಬಹುದು. ಊಟದ ಮಣೆ ಮೇಲೆ ಕೂತು, ಕೈ ಊರದೆ ಎದ್ದೇಳಿ. ಆಮೇಲೆ ಎತ್ತರದ ಕುರ್ಚಿಯಿಂದ ಎದ್ದೇಳಿ. ದೇಹದ ತೂಕ ಅದೇ, ಕಾಲೂ ಅದೇ. ಆದರೂ ಮಣೆಯಿಂದ ಏಳುವಾಗ ಮೊಣಕಾಲು ಗೊಣಗುತ್ತದೆ. ಮೊಣಕಾಲು ಜಾಸ್ತಿ ಮಡಚಿದ್ದಷ್ಟೂ ಚಿಪ್ಪು ತೊಡೆಯ ಮೂಳೆಗೆ ಹೆಚ್ಚು ಒತ್ತಿಕೊಳ್ಳುತ್ತದೆ. ಅದೇ ಭಂಗಿಯಲ್ಲಿ ಜೋರಾಗಿ ತಳ್ಳಿದರೆ ಆ ಒತ್ತಡ ಇನ್ನೂ ಏರುತ್ತದೆ. ತಗ್ಗಿನ ಸೀಟಿನಲ್ಲಿ ಪೆಡಲ್ ತುಳಿಯುವವರು ಪ್ರತಿ ಸುತ್ತಿಗೂ ಮಣೆಯಿಂದ ಅರ್ಧ ಎದ್ದು ಮತ್ತೆ ಕೂರುತ್ತಿರುತ್ತಾರೆ.

ಇದು ದಿನಕ್ಕೆ ಎಷ್ಟು ಸಲ ಅಂತ ಲೆಕ್ಕ ಹಾಕಿ. ನಿಧಾನವಾಗಿ ಓಡಿಸಿದರೂ ನಿಮಿಷಕ್ಕೆ 60 ಸುತ್ತು. ಶಾಲೆಗೆ 20 ನಿಮಿಷ ಅಂದರೆ 1200. ಹೋಗಿ ಬಂದರೆ ಒಂದೊಂದು ಮೊಣಕಾಲಿಗೂ 2400. ವಾರಕ್ಕೆ ಆರು ದಿನ. ಒಂದು ಸಲದ ಒತ್ತಡ ಸಣ್ಣದೇ ಇರಬಹುದು. ಈ ಎಣಿಕೆ ನೋಡಿದರೆ ಮುಲಾಮು ಯಾಕೆ ಸಾಲಲಿಲ್ಲ ಅಂತ ಅರ್ಥವಾಗುತ್ತದೆ.

ಶಕ್ತಿಯ ಲೆಕ್ಕವೂ ಇದೆ. ಸೀಟು ತಗ್ಗಿದ್ದಾಗ ಭಾರವೆಲ್ಲ ತೊಡೆಯ ಮುಂಭಾಗದ ಸ್ನಾಯುವಿನ ಮೇಲೆಯೇ ಬೀಳುತ್ತದೆ. ಕಾಲು ಚೆನ್ನಾಗಿ ಚಾಚಿದರೆ ಪೃಷ್ಠದ ದೊಡ್ಡ ಸ್ನಾಯು ಮತ್ತು ತೊಡೆಯ ಹಿಂಭಾಗವೂ ಕೈಜೋಡಿಸುತ್ತವೆ. ದೇಹದಲ್ಲಿ ಅತಿ ಬಲವಾದ ಸ್ನಾಯುಗಳಲ್ಲಿ ಪೃಷ್ಠದ ಸ್ನಾಯುವೂ ಒಂದು. ಅದನ್ನು ಸುಮ್ನೆ ಕೂರಿಸಿ ತೊಡೆಯೊಂದನ್ನೇ ದುಡಿಸಿದರೆ ಸಣ್ಣ ಏರಿನಲ್ಲೂ ಉಸ್ಸಪ್ಪಾ ಅನ್ನಿಸುತ್ತದೆ. "ಸೈಕಲ್ ತುಂಬಾ ಬಿಗಿ, ಓಡೋದೇ ಇಲ್ಲ" ಅಂತ ದೂರುವವರ ಚೈನು, ಬೇರಿಂಗ್ ಎಲ್ಲ ಸರಿಯಾಗಿದ್ದರೆ ನಾನು ಮೊದಲು ನೋಡುವುದು ಸೀಟನ್ನೇ.

ಹಾಗಂತ ಎತ್ತರ ಎಷ್ಟಾದರೂ ಆಗಬಹುದು ಅಂತಲ್ಲ. ಸೀಟು ಮೀರಿ ಮೇಲೆ ಹೋದರೆ ಪೆಡಲ್ ಕೆಳಗಿಳಿದಾಗ ಕಾಲು ಎಟುಕುವುದಿಲ್ಲ. ಆಗ ಸೊಂಟ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಜಾರುತ್ತದೆ. ಪಾದ ಬೆರಳ ತುದಿಯ ಮೇಲೆ ನಿಲ್ಲುತ್ತದೆ. ಮೊಣಕಾಲಿನ ಹಿಂಭಾಗ ಹಿಡಿದೆಳೆದ ಹಾಗೆ ನೋಯುತ್ತದೆ, ತೊಡೆಸಂದಿನಲ್ಲಿ ಉಜ್ಜಿ ಜೋಮು ಹಿಡಿಯುತ್ತದೆ, ಸೊಂಟವೂ ನೋಯಬಹುದು. ಸೈಕಲ್ ಮಂದಿಯಲ್ಲಿ ಒಂದು ಸುಲಭ ಲೆಕ್ಕ ಇದೆ: ಮೊಣಕಾಲಿನ ಮುಂದೆ ನೋವಿದ್ದರೆ ಸೀಟು ತಗ್ಗು, ಹಿಂದೆ ನೋವಿದ್ದರೆ ಸೀಟು ಎತ್ತರ. ಎಲ್ಲ ನೋವಿಗೂ ಸೀಟೇ ಕಾರಣ ಅಲ್ಲ. ಊತ ಬಂದಿದ್ದರೆ, ಸೈಕಲ್ ಬಿಟ್ಟು ಎರಡು ವಾರವಾದರೂ ನೋವು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಆದರೆ ಹುಡುಕುವುದನ್ನು ಸೀಟಿನಿಂದ ಶುರು ಮಾಡಿದರೆ ಖರ್ಚಿಲ್ಲ.

ಹಳಬರ ಕಾಲು

ನಮ್ಮೂರಿನ ಹಾಲಿನವರು, ಪೋಸ್ಟಿನವರು ಓಡಿಸುತ್ತಿದ್ದ ಕರಿ ಸೈಕಲ್ ನೆನಪಿದೆಯಾ? 28 ಇಂಚಿನ ಚಕ್ರ, ಎತ್ತರದ ಫ್ರೇಮು, ಅಡ್ಡಬಾರು, ಸ್ಪ್ರಿಂಗ್ ಸೀಟು. ಆ ಸೈಕಲ್ಲಿನ ಮೇಲೆ ಕೂತು ಯಾರೂ ಎರಡು ಕಾಲು ನೆಲಕ್ಕೆ ಊರುತ್ತಿರಲಿಲ್ಲ. ಎಡಗಾಲನ್ನು ಪೆಡಲ್ ಮೇಲಿಟ್ಟು, ಬಲಗಾಲಲ್ಲಿ ನೆಲ ಒದೆಯುತ್ತಾ ನಾಲ್ಕು ಹೆಜ್ಜೆ ತಳ್ಳಿಕೊಂಡು ಹೋಗಿ, ಹಿಂದಿನಿಂದ ಕಾಲೆತ್ತಿ ಹಾಕಿ ಕೂರುತ್ತಿದ್ದರು. ಇಳಿಯುವಾಗಲೂ ಹಾಗೆಯೇ, ಕಾಲು ಹಿಂದೆ ತಿರುಗಿಸಿ ಓಡುತ್ತಲೇ ಇಳಿದುಬಿಡುತ್ತಿದ್ದರು. ಫ್ರೇಮು ಎತ್ತರ ಇದ್ದದ್ದರಿಂದ ಅವರ ಕಾಲು ತಾನಾಗಿಯೇ ಚಾಚಿಕೊಳ್ಳುತ್ತಿತ್ತು. ನಲವತ್ತು ಲೀಟರ್ ಹಾಲಿನ ಕ್ಯಾನು ನೇತುಹಾಕಿಕೊಂಡು ಏರು ಹತ್ತುತ್ತಿದ್ದವರ ಗುಟ್ಟಿನಲ್ಲಿ ಇದೂ ಒಂದು ಅಂತ ನನಗನ್ನಿಸುತ್ತದೆ. ಇಂದಿಗೂ ವಿಜಯಪುರ, ಬಾಗಲಕೋಟೆ ಕಡೆ ರಸ್ತೆಯಲ್ಲಿ ಅಭ್ಯಾಸ ಮಾಡುವ ರೇಸ್ ಹುಡುಗ ಹುಡುಗಿಯರನ್ನು ಕಂಡರೆ ಅವರ ಕಾಲು ಗಮನಿಸಿ. ಕೆಳಗಿನ ಪೆಡಲಿನಲ್ಲಿ ಕಾಲು ಬಹುತೇಕ ನೆಟ್ಟಗಾಗಿರುತ್ತದೆ, ಸೊಂಟ ಮಾತ್ರ ಅಲ್ಲಾಡುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಸೀಟು ಏರಿಸುವ ಇಳಿಸುವ ಪ್ರಶ್ನೆಯೇ ಇರಲಿಲ್ಲ. 1870ರ ದಶಕದ ಆ ದೊಡ್ಡ ಮುಂಚಕ್ರದ ಸೈಕಲ್ಲಿನಲ್ಲಿ ಪೆಡಲ್ ಮುಂದಿನ ಚಕ್ರಕ್ಕೇ ಜೋಡಿಸಿತ್ತು, ಸವಾರ ಆ ಚಕ್ರದ ಮೇಲೆಯೇ ಕೂರುತ್ತಿದ್ದ. ಚಕ್ರ ದೊಡ್ಡದಾದಷ್ಟೂ ವೇಗ. ಆದರೆ ಕಾಲು ಎಟುಕುವಷ್ಟೇ ದೊಡ್ಡ ಚಕ್ರ ಕೊಳ್ಳಬಹುದು. ಉದ್ದ ಕಾಲಿನವನಿಗೆ ದೊಡ್ಡ ಸೈಕಲ್, ಗಿಡ್ಡ ಕಾಲಿನವನಿಗೆ ಸಣ್ಣದು. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದರು. ಎರಡೂ ಚಕ್ರ ಹೆಚ್ಚುಕಡಿಮೆ ಒಂದೇ ಅಳತೆ, ಚೈನಿನಿಂದ ತಿರುಗುವುದು ಹಿಂದಿನ ಚಕ್ರ. ನಾವು ಇಂದು ಓಡಿಸುವ ಸೈಕಲ್ಲಿನ ಅಜ್ಜ ಅದು. ಚಕ್ರದ ಅಳತೆಗೂ ಕಾಲಿನ ಅಳತೆಗೂ ಇದ್ದ ಗಂಟು ಬಿಚ್ಚಿಹೋಯಿತು. ಹೀಗೆ ಕಾಲಿನ ಲೆಕ್ಕವೆಲ್ಲ ಸೀಟ್ ಪೈಪಿಗೆ ಬಂದು ನಿಂತಿತು. ಒಂದೇ ಸೈಕಲ್ಲನ್ನು ಅಕ್ಕನೂ ತಂಗಿಯೂ ಓಡಿಸಬಹುದು, ಪೈಪು ಏರಿಸಿ ಇಳಿಸಿದರೆ ಸಾಕು. ಆ ಅನುಕೂಲ ನಮ್ಮ ಕೈಯಲ್ಲೇ ಇದ್ದೂ ನಾವು ಅದನ್ನು ಮುಟ್ಟುವುದಿಲ್ಲ ಅನ್ನುವುದೇ ನನಗೆ ಬೇಜಾರು.

ಹಿಮ್ಮಡಿ ಇಟ್ಟು ನೋಡುವುದು

ಅಳೆಯುವ ದಾರಿಗಳಲ್ಲಿ ನಾನು ಎಲ್ಲರಿಗೂ ಮೊದಲು ಹೇಳುವುದು ಹಿಮ್ಮಡಿಯದ್ದು. ಟೇಪು ಬೇಡ, ಲೆಕ್ಕ ಬೇಡ. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ. ಇದು ಮುಖ್ಯ, ಯಾಕೆಂದರೆ ಅಟ್ಟೆಯ ದಪ್ಪವೂ ಕಾಲಿನ ಉದ್ದಕ್ಕೆ ಸೇರುತ್ತದೆ. ಸೈಕಲ್ಲನ್ನು ಗೋಡೆಗೆ ಒರಗಿಸಿ, ಅಥವಾ ಇನ್ನೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ. ಸೀಟಿನ ಮೇಲೆ ನೇರವಾಗಿ ಕೂತು, ಹಿಮ್ಮಡಿಗಳನ್ನು ಪೆಡಲ್ ಮೇಲಿಟ್ಟು ಹಿಂದಕ್ಕೆ ತಿರುಗಿಸಿ. ಪೆಡಲ್ ನಿಮ್ಮಿಂದ ಅತಿ ದೂರ ಹೋದ ಜಾಗದಲ್ಲಿ ನಿಲ್ಲಿಸಿ. ಇದು ನೆಟ್ಟಗೆ ಕೆಳಗಲ್ಲ. ಸೀಟ್ ಪೈಪು ವಾಲಿರುವ ಗೆರೆಯಲ್ಲೇ ಕ್ರ್ಯಾಂಕ್ ಬಂದಾಗ ಪೆಡಲ್ ಅತಿ ದೂರ ಇರುತ್ತದೆ, ಅಂದರೆ ಕೆಳಗಿನ ಬಿಂದುವಿಗಿಂತ ಚೂರು ಮುಂದೆ.

ಆ ಜಾಗದಲ್ಲಿ ಹಿಮ್ಮಡಿ ಪೆಡಲ್ ಮೇಲೆ ಇದ್ದಾಗ ಮೊಣಕಾಲು ಪೂರ್ತಿ ನೆಟ್ಟಗಾಗಬೇಕು. ಸೊಂಟ ಆ ಕಡೆಗೆ ವಾಲಬಾರದು. ಮೊಣಕಾಲು ಬಾಗಿದ್ದರೆ ಸೀಟು ಏರಿಸಿ. ಹಿಮ್ಮಡಿ ಪೆಡಲ್ ಬಿಟ್ಟು ಮೇಲೆದ್ದರೆ ಇಳಿಸಿ. ಅಷ್ಟೇ.

ಇದು ಯಾಕೆ ಸರಿಹೋಗುತ್ತದೆ ಅಂದರೆ, ಓಡಿಸುವಾಗ ನಾವು ಹಿಮ್ಮಡಿಯಿಂದ ತುಳಿಯುವುದಿಲ್ಲ. ಹೆಬ್ಬೆರಳ ಬುಡದ ದಪ್ಪ ಭಾಗದಿಂದ ತುಳಿಯುತ್ತೇವೆ, ತುಳಿಯಲೂಬೇಕು. ಪಾದದ ಮುಂಭಾಗ ಪೆಡಲಿಗೆ ಬಂದಾಗ ಹಿಮ್ಮಡಿ ಹಿಂದಕ್ಕೆ ಸರಿದು ಚೂರು ಮೇಲೇಳುತ್ತದೆ. ಅಷ್ಟು ದೂರ ಕಡಿಮೆಯಾಗಿ ಮೊಣಕಾಲಿಗೆ ಬೇಕಾದ ಸಣ್ಣ ಬಾಗು ತಾನಾಗಿಯೇ ಸಿಗುತ್ತದೆ. ಪಾದ ತುಂಬಾ ಉದ್ದ ಇರುವವರಿಗೆ ಈ ದಾರಿಯಲ್ಲಿ ಸೀಟು ಒಂದು ಚೂರು ತಗ್ಗಾಗಿ ಬರಬಹುದು. ಆದರೂ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಟೇಪು ಹಿಡಿಯುವವರಿಗೆ ಎರಡು ಸೂತ್ರಗಳಿವೆ. ಎರಡಕ್ಕೂ ಕಾಲಿನ ಒಳ ಅಳತೆ ಬೇಕು. ಬರಿಗಾಲಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ಪಾದಗಳ ನಡುವೆ ಒಂದು ಗೇಣು ಬಿಟ್ಟು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಸೀಟಿನ ಹಾಗೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪುಸ್ತಕದ ಬೆನ್ನು ಗೋಡೆಗೆ ಸಪಾಟಾಗಿ ತಾಗಿರಲಿ. ಅದರ ಮೇಲಂಚು ಗೋಡೆ ಮುಟ್ಟಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆದು ನೆಲದವರೆಗೆ ಅಳೆಯಿರಿ. ಎರಡು ಮೂರು ಸಲ ಅಳೆದರೆ ಒಳ್ಳೆಯದು, ಒತ್ತುವುದರಲ್ಲೇ ಒಂದು ಸೆಂ.ಮೀ. ವ್ಯತ್ಯಾಸ ಬಂದುಬಿಡುತ್ತದೆ.

ಮೊದಲ ಸೂತ್ರದಲ್ಲಿ ಆ ಅಳತೆಯನ್ನು 0.883ರಿಂದ ಗುಣಿಸಬೇಕು. ಬಂದ ಅಂಕಿಯೇ ಪೆಡಲ್ ತಿರುಗುವ ಕೇಂದ್ರದಿಂದ ಸೀಟಿನ ಮೇಲ್ಭಾಗದವರೆಗೆ, ಸೀಟ್ ಪೈಪಿನ ಗೆರೆಯುದ್ದಕ್ಕೂ ಇರಬೇಕಾದ ದೂರ. ಟೂರ್ ಡಿ ಫ್ರಾನ್ಸ್ ರೇಸನ್ನು 1986, 1989 ಮತ್ತು 1990ರಲ್ಲಿ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಇದು ಪ್ರಸಿದ್ಧ. ಅವರು ಇದನ್ನು ಕಲಿತದ್ದು ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಅವರಿಂದ. ಎರಡನೆಯದು ಇನ್ನೂ ಹಳೆಯದು. 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಸಂಶೋಧಕರು ಸವಾರರನ್ನು ಬೇರೆ ಬೇರೆ ಎತ್ತರದಲ್ಲಿ ಕೂರಿಸಿ ತುಳಿಸಿ ನೋಡಿದರು. ಕಾಲಿನ ಒಳ ಅಳತೆಯ 109 ಶೇಕಡಾ ಎತ್ತರ ಎಲ್ಲಕ್ಕಿಂತ ಚೆನ್ನಾಗಿ ಹೊಂದಿತು. ಇಲ್ಲಿ ಅಳೆಯುವುದು ಕೆಳಗಿನ ಪೆಡಲಿನ ಮೇಲ್ಮೈಯಿಂದ ಸೀಟಿನ ಮೇಲ್ಭಾಗಕ್ಕೆ. ನನ್ನ 80ಕ್ಕೆ ಮೊದಲನೆಯದು 70.6 ಸೆಂ.ಮೀ. ಕೊಡುತ್ತದೆ, ಎರಡನೆಯದು 87.2. ಅಳೆಯುವ ಜಾಗ ಬೇರೆಯಾದ್ದರಿಂದ ಅಂಕಿ ಬೇರೆ. ಕ್ರ್ಯಾಂಕಿನ ಉದ್ದ ಕಳೆದು ನೋಡಿದರೆ ಎರಡೂ ಹತ್ತಿರ ಹತ್ತಿರ ಒಂದೇ ಕಡೆ ಬಂದು ನಿಲ್ಲುತ್ತವೆ.

ಈ ಸೂತ್ರಗಳಿಗೆ ನಿಮ್ಮ ಪಾದ ಎಷ್ಟು ಉದ್ದ ಅಂತ ಗೊತ್ತಿಲ್ಲ, ನಿಮ್ಮ ಸೊಂಟ ಎಷ್ಟು ಬಿಗಿ ಅಂತಲೂ ಗೊತ್ತಿಲ್ಲ. 0.883ಕ್ಕೆ ಕ್ರ್ಯಾಂಕಿನ ಉದ್ದವೂ ಗೊತ್ತಿಲ್ಲ. ಕ್ರ್ಯಾಂಕ್ 1 ಸೆಂ.ಮೀ. ಗಿಡ್ಡವಾದರೆ ಸೀಟು 1 ಸೆಂ.ಮೀ. ಏರಿಸಬೇಕು. ಹಾಗೆ ಮಾಡಿದಾಗ ಪೆಡಲ್ ಮೇಲೆ ಬಂದ ಹೊತ್ತಿನಲ್ಲಿ ಮೊಣಕಾಲಿಗೆ 2 ಸೆಂ.ಮೀ. ಜಾಸ್ತಿ ಜಾಗ ಸಿಗುತ್ತದೆ. ಮೊಣಕಾಲು ನೋವಿನವರಿಗೆ ಗಿಡ್ಡ ಕ್ರ್ಯಾಂಕ್ ಹಾಕಿಸುವುದು ಇದಕ್ಕೇ.

ಕೊನೆಯ ಮಾತು ಹೇಳುವುದು ಮೊಣಕಾಲಿನ ಕೋನ. ಕಾಲು ಪೂರ್ತಿ ನೆಟ್ಟಗಿದ್ದರೆ ಸೊನ್ನೆ ಅಂತಿಟ್ಟುಕೊಂಡರೆ, ನಿಲ್ಲಿಸಿದ ಸೈಕಲ್ ಮೇಲೆ ಪೆಡಲ್ ಕೆಳಗಿದ್ದಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು. ಮೊಬೈಲಿನಲ್ಲೇ ನೋಡಬಹುದು. ಫೋನನ್ನು ಮೊಣಕಾಲಿನ ಎತ್ತರಕ್ಕೆ ಪಕ್ಕದಲ್ಲಿಟ್ಟು ಫೋಟೋ ತೆಗೆಸಿ. ಸೊಂಟದ ಪಕ್ಕ ಕೈಗೆ ಸಿಗುವ ಮೂಳೆಯ ಉಬ್ಬು, ಮೊಣಕಾಲಿನ ಪಕ್ಕ, ಹರಡಿನ ಮೂಳೆ, ಈ ಮೂರನ್ನು ಗೆರೆಯಿಂದ ಸೇರಿಸಿ. ಓಡಿಸುತ್ತಿರುವಾಗ ಪಾದ ಆಡುವುದರಿಂದ ಬಾಗು ಇನ್ನೂ ಸ್ವಲ್ಪ ಜಾಸ್ತಿ ಬರುತ್ತದೆ, ಗಾಬರಿ ಬೇಡ. ಮೊಣಕಾಲಿನ ಮುಂದೆ ನೋವಿರುವವರು, ಜೋರಾಗಿ ಓಡಿಸುವವರು 25ರ ಕಡೆ ಇದ್ದರೆ ಹಿತ, ಮೊಣಕಾಲಿನ ಹಿಂದೆ ನೋವಿರುವವರು 35ರ ಕಡೆ.

ಪಾನಾ ಹಿಡಿದಾಗ

ಸೋದರ ಸೊಸೆಯ ಕಾಲಿನ ಒಳ ಅಳತೆ 72 ಬಂತು. 0.883ರಿಂದ ಗುಣಿಸಿದರೆ 63.6. ಸೈಕಲ್ಲಿನಲ್ಲಿ ಇದ್ದದ್ದು 56. ಏಳೂವರೆ ಸೆಂ.ಮೀ. ತಗ್ಗು! ಆದರೆ ಸೀಟ್ ಪೈಪು ಅಲ್ಲಾಡಲೇ ಇಲ್ಲ. ವರ್ಷಗಟ್ಟಲೆ ಮಳೆ ಕುಡಿದು ಫ್ರೇಮಿಗೇ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಟ್ಟು ಸಡಿಲಿಸಿ, ಪೈಪು ಫ್ರೇಮಿನೊಳಗೆ ಹೋಗುವ ಬಾಯಿಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಚಿದಾಗ ಕಿರ್ ಅಂತ ಸದ್ದು ಮಾಡಿ ಬಿಟ್ಟುಕೊಂಡಿತು. ಪೈಪು ಪೂರ್ತಿ ಹೊರಗೆ ತೆಗೆದು, ಕೆಂಪು ಪುಡಿಯನ್ನೆಲ್ಲ ಮರಳು ಕಾಗದದಿಂದ ಉಜ್ಜಿ, ತೆಳುವಾಗಿ ಗ್ರೀಸ್ ಸವರಿ ವಾಪಸ್ ಇಳಿಸಿದೆ. ಕಬ್ಬಿಣ, ಅಲ್ಯೂಮಿನಿಯಂ ಪೈಪಿಗೆ ಗ್ರೀಸ್ ಸರಿ. ಕಾರ್ಬನ್ ಪೈಪಿಗೆ ಗ್ರೀಸ್ ಹಾಕಬೇಡಿ, ಅದಕ್ಕೇ ಅಂತ ಬೇರೆ ಪೇಸ್ಟ್ ಸಿಗುತ್ತದೆ.

ಪೈಪು ಹೊರಗೆ ಬಂದಾಗ ಅದರ ಮೇಲೆ ಕೊರೆದ ಗೆರೆಗಳನ್ನು ನೋಡಿಕೊಳ್ಳಿ. ಪೈಪು ಕನಿಷ್ಠ ಎಷ್ಟು ಒಳಗಿರಬೇಕು ಅನ್ನುವ ಗುರುತು ಅದು. ಆ ಗೆರೆ ಹೊರಗೆ ಕಾಣಬಾರದು. ಕಂಡರೆ ಪೈಪು ಬಾಗಬಹುದು, ಫ್ರೇಮು ಬಿರುಕು ಬಿಡಬಹುದು, ಓಡಿಸುತ್ತಿರುವಾಗಲೇ ಸೀಟು ಕಿತ್ತುಬರಬಹುದು. ಇದರಲ್ಲಿ ರಾಜಿಯೇ ಬೇಡ. ಗುರುತು ಅಳಿಸಿಹೋಗಿದ್ದರೆ ಕಡಿಮೆ ಅಂದರೂ 10 ಸೆಂ.ಮೀ. ಒಳಗಿರಲಿ. ಅಷ್ಟಕ್ಕೂ ಎತ್ತರ ಸಾಲದಿದ್ದರೆ ಅದೇ ದಪ್ಪದ ಉದ್ದದ ಪೈಪು ಕೇಳಿ ತನ್ನಿ, ಇಲ್ಲವೇ ಆ ಸೈಕಲ್ ನಿಮಗೆ ಚಿಕ್ಕದು. ಬಿಗಿದ ಮೇಲೆ ಸೀಟಿನ ಮೂತಿ ಹಿಡಿದು ತಿರುಗಿಸಿ ನೋಡಿ. ತಿರುಗಬಾರದು.

ಒಂದೇ ದಿನ ಏಳೂವರೆ ಸೆಂ.ಮೀ. ಏರಿಸಲಿಲ್ಲ. ವರ್ಷಗಟ್ಟಲೆ ಮಡಚಿಕೊಂಡೇ ತುಳಿದ ಕಾಲಿಗೆ, ಅದಕ್ಕಿಂತ ಜಾಸ್ತಿ ಮನಸ್ಸಿಗೆ, ಅಷ್ಟು ಎತ್ತರ ಹೆದರಿಕೆ ಹುಟ್ಟಿಸುತ್ತದೆ. ಮೊದಲ ದಿನ 3 ಸೆಂ.ಮೀ. ಆಮೇಲೆ ನಾಲ್ಕೈದು ದಿನಕ್ಕೊಮ್ಮೆ ಒಂದೊಂದು. ಸರಿಯಾದ ಜಾಗದ ಹತ್ತಿರ ಬಂದ ಮೇಲೆ ಅರ್ಧ ಸೆಂ.ಮೀ. ಮಾತ್ರ. ಪ್ರತಿ ಸಲವೂ ಪೈಪಿನ ಮೇಲೆ ಇನ್ಸುಲೇಷನ್ ಟೇಪಿನ ಗುರುತು ಹಾಕಬೇಕು. ಟೇಪು ಹಾಕದೆ ಮಾಡಿದರೆ ಎರಡನೇ ದಿನಕ್ಕೇ ಎಲ್ಲಿದ್ದೆವು ಅಂತ ಮರೆತುಹೋಗುತ್ತದೆ.

ಸೀಟಿನ ಎತ್ತರದ ಜೊತೆಗೆ ಇನ್ನೂ ಎರಡು ಮೂರು ಸಂಗತಿ ಅಲ್ಲಾಡುತ್ತವೆ. ಸೀಟನ್ನು ಅದರ ಕಂಬಿಯ ಮೇಲೆ ಹಿಂದಕ್ಕೆ ಸರಿಸಿದರೆ ಪೆಡಲ್ ದೂರವಾಗುತ್ತದೆ, ಸೀಟು ಏರಿಸಿದ ಹಾಗೆಯೇ. ದಪ್ಪ ಜೆಲ್ ಕವರ್ ಹಾಕಿಸಿದರೆ ಎತ್ತರ ಮತ್ತೆ ಅಳೆಯಬೇಕು. ಸ್ಪ್ರಿಂಗ್ ಸೀಟು ಕೂತಾಗ ತಗ್ಗುತ್ತದೆ, ಆದ್ದರಿಂದ ಕೂತೇ ನೋಡಬೇಕು. ಸೀಟು ಮಾತ್ರ ಸಪಾಟಾಗಿರಲಿ, ಮೂತಿ ಮೇಲೆದ್ದರೆ ತೊಡೆಸಂದು ನೋಯುತ್ತದೆ. ಸೀಟು ಏರಿದಷ್ಟೂ ಹ್ಯಾಂಡಲ್ ತಗ್ಗಾಗಿ ಕಾಣುತ್ತದೆ, ಭಾರ ಅಂಗೈ ಮೇಲೆ ಬೀಳುತ್ತದೆ. ಹಳೆ ಮಾದರಿಯ ಸೈಕಲ್ಲಿನಲ್ಲಿ ಹ್ಯಾಂಡಲ್ಲನ್ನೂ ಏರಿಸಬಹುದು, ಅದಕ್ಕೂ ಕನಿಷ್ಠ ಗುರುತು ಇರುತ್ತದೆ.

ಇಷ್ಟು ಹೇಳಿದ ಮೇಲೂ ಅಂಕಿಗಿಂತ ದೇಹದ ಮಾತೇ ದೊಡ್ಡದು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಟೂರ್ ಡಿ ಫ್ರಾನ್ಸನ್ನು ಐದು ಸಲ ಗೆದ್ದವರು. 1969ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಬ್ಲ್ವಾ ಊರಿನ ಟ್ರ್ಯಾಕಿನಲ್ಲಿ ಭಾರಿ ಅಪಘಾತವಾಗಿ ಅವರ ಸೊಂಟದ ಮೂಳೆ ತಿರುಚಿಕೊಂಡಿತು. ಆಮೇಲೆ ಸೀಟಿನ ಮೇಲೆ ಕೂರುವುದೇ ಅವರಿಗೆ ನೋವಾಯಿತು. ಪದೇ ಪದೇ ಸೀಟಿನ ಎತ್ತರ ಬದಲಿಸುತ್ತಿದ್ದರು, ರೇಸ್ ನಡೆಯುವಾಗಲೂ ಬಿಡುತ್ತಿರಲಿಲ್ಲ. ಸೈಕಲ್ ಅದೇ, ಕಾಲಿನ ಉದ್ದವೂ ಅದೇ. ದೇಹ ಬದಲಾದಾಗ ಸರಿ ಎತ್ತರವೂ ಬದಲಾಯಿತು. ನಮ್ಮ ಸೋದರ ಸೊಸೆಗೂ ಸೂತ್ರ 63.6 ಅಂದಿತು, ಅವಳ ಸೊಂಟ 62.5ಕ್ಕೇ ನಿಲ್ಲಿಸು ಅಂದಿತು. ಅದಕ್ಕಿಂತ ಮೇಲೆ ಹೋದಾಗ ಹಿಂದಿನಿಂದ ನೋಡಿದರೆ ಅವಳ ಸೊಂಟ ಅತ್ತಿತ್ತ ಜಾರುವುದು ಕಾಣುತ್ತಿತ್ತು. 62.5ಕ್ಕೇ ಬಿಟ್ಟೆ.

ನಿಲ್ಲುವುದು ಹೇಗೆ?

ಸೀಟು ಏರಿಸುವುದಕ್ಕಿಂತ ಕಷ್ಟದ ಕೆಲಸ ಇದು. ಇದನ್ನು ಕಲಿಸದೆ ಸೀಟು ಮಾತ್ರ ಏರಿಸಿ ಹೋದರೆ ಮಾರನೇ ದಿನವೇ ಅವರು ಮತ್ತೆ ಇಳಿಸುತ್ತಾರೆ, ಅದು ಅವರ ತಪ್ಪೂ ಅಲ್ಲ. ಬ್ರೇಕ್ ಹಾಕಿದಾಗ ಸೀಟಿನ ಮೇಲೆ ಕೂತೇ ಇರಬಾರದು. ಒಂದು ಪೆಡಲ್ ಕೆಳಗಿಟ್ಟು ಅದರ ಮೇಲೆ ನಿಲ್ಲಬೇಕು. ಸೀಟಿನಿಂದ ಮುಂದಕ್ಕೆ ಜಾರಿ, ಸೈಕಲ್ಲನ್ನು ಇನ್ನೊಂದು ಕಡೆಗೆ ಚೂರು ವಾಲಿಸಿ, ಆ ಕಡೆಯ ಕಾಲನ್ನು ನೆಲಕ್ಕೆ ಊರಬೇಕು. ಸೀಟು ಬೆನ್ನ ಹಿಂದೆ ಉಳಿಯುತ್ತದೆ, ನೀವು ಸೀಟಿನ ಮುಂದೆ ನೆಲದ ಮೇಲೆ ನಿಂತಿರುತ್ತೀರಿ. ಪಾದ ಪೂರ್ತಿ ನೆಲಕ್ಕೆ ಊರಿರುತ್ತದೆ. ಬೆರಳ ತುದಿಯ ಮೇಲೆ ತಡಕಾಡುವುದಕ್ಕಿಂತ ಇದೇ ಗಟ್ಟಿ.

ಹೊರಡುವಾಗ ಇದರ ತಿರುವು. ಒಂದು ಪೆಡಲನ್ನು ಮುಂದೆ ಮೇಲಕ್ಕೆ, ಗಡಿಯಾರದ ಮುಳ್ಳು ಎರಡು ಗಂಟೆ ತೋರಿಸುವ ಜಾಗಕ್ಕೆ ತನ್ನಿ. ಅದರ ಮೇಲೆ ಭಾರ ಹಾಕಿ ನಿಂತರೆ ಸೈಕಲ್ ಮುಂದೆ ಹೋಗುತ್ತದೆ, ಅದೇ ನಿಮ್ಮನ್ನು ಸೀಟಿನ ಎತ್ತರಕ್ಕೂ ಎತ್ತುತ್ತದೆ. ಆಗ ಕೂರಿ. ಅಕ್ಕನ ಮಗಳದ್ದು ಅಡ್ಡಬಾರಿಲ್ಲದ ಸೈಕಲ್, ಹಾಗಾಗಿ ಮುಂದೆ ಜಾರಿ ನಿಲ್ಲುವುದು ಅವಳಿಗೆ ಬೇಗ ಬಂತು. ಅಂಗಳದಲ್ಲಿ ಹತ್ತು ಸಲ ನಿಂತು ಹತ್ತು ಸಲ ಹೊರಟಳು. ಮೊದಲ ನಾಲ್ಕು ಸಲ ನಾನು ಕ್ಯಾರಿಯರ್ ಹಿಡಿದುಕೊಂಡಿದ್ದೆ.

ಸೀಟು ತಗ್ಗಾಗಿಯೇ ಇರಬೇಕಾದ ಹೊತ್ತುಗಳೂ ಇವೆ. ಈಗಷ್ಟೇ ಕಲಿಯುವ ಮಗುವಿಗೆ ಎರಡೂ ಪಾದ ಪೂರ್ತಿ ನೆಲಕ್ಕೆ ಎಟುಕಬೇಕು. ಪೆಡಲ್ಲನ್ನೇ ಬಿಚ್ಚಿಟ್ಟು ಕಾಲಿಂದ ತಳ್ಳಿಕೊಂಡು ಹೋಗಲು ಬಿಟ್ಟರೆ ಬೇಗ ಸಮತೋಲನ ಬರುತ್ತದೆ. ಸಮತೋಲನ ಬಂದ ವಾರದಿಂದಲೇ ಏರಿಸುತ್ತಾ ಹೋಗಿ. ಕಲ್ಲುಮಣ್ಣಿನ ಇಳಿಜಾರಿನಲ್ಲಿ ಇಳಿಯುವವರು ಸೀಟು ಕೆಳಗಿಳಿಸುತ್ತಾರೆ, ಅದಕ್ಕೆಂದೇ ಗುಂಡಿ ಒತ್ತಿದರೆ ಇಳಿಯುವ ಪೈಪುಗಳೂ ಬಂದಿವೆ. ವಯಸ್ಸಾದವರು, ಹೆಜ್ಜೆಗೊಮ್ಮೆ ನಿಲ್ಲುವ ಪೇಟೆ ರಸ್ತೆಯವರು, ಹಿಂದೆ ಭಾರ ಹೇರುವವರು ಸರಿ ಎತ್ತರಕ್ಕಿಂತ ಒಂದೆರಡು ಸೆಂ.ಮೀ. ತಗ್ಗಿಸಿಕೊಂಡರೆ ನಾನು ಬೇಡ ಅನ್ನುವುದಿಲ್ಲ. ಬಿದ್ದು ಕಾಲು ಮುರಿದುಕೊಳ್ಳುವುದಕ್ಕಿಂತ ಅದು ವಾಸಿ. ಮೈಸೂರಿನ ಟ್ರಿಣ್ ಟ್ರಿಣ್‌ನಂಥ ಬಾಡಿಗೆ ಸೈಕಲ್ ಹತ್ತುವಾಗ, ನಿಂತುಕೊಂಡು ಸೀಟನ್ನು ಸೊಂಟದ ಪಕ್ಕದ ಮೂಳೆಯ ಉಬ್ಬಿನ ಮಟ್ಟಕ್ಕೆ ಅಂದಾಜು ತಂದು ಆಮೇಲೆ ಹಿಮ್ಮಡಿ ಇಟ್ಟು ನೋಡಿದರೆ ಅರ್ಧ ನಿಮಿಷದ ಕೆಲಸ. ಹಿಂದಿನವರು ಬಿಟ್ಟ ಎತ್ತರದಲ್ಲೇ ಹೊರಟುಬಿಡಬೇಡಿ.

ಮೂರು ವಾರದ ಮೇಲೆ ಅಕ್ಕ ಫೋನ್ ಮಾಡಿದಳು. ಮೊಣಕಾಲಿನ ಮಾತು ಅವಳು ಎತ್ತಲಿಲ್ಲ, ನಾನೇ ಕೇಳಿದೆ. "ಹೌದಲ್ಲ, ಈಗ ಹೇಳ್ತಾನೇ ಇಲ್ಲ ಕಣೋ. ಮುಲಾಮು ಡಬ್ಬಿ ಎಲ್ಲಿಟ್ಟಳೋ" ಅಂದಳು. ಸೀಟ್ ಪೈಪಿನ ಟೇಪಿನ ಮೇಲೆ ಅಳತೆ, ತಾರೀಖು ಬರೆದಿಟ್ಟಿದ್ದೇನೆ. ಹುಡುಗಿ ಇನ್ನೂ ಬೆಳೆಯುತ್ತಿದ್ದಾಳೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಪುಸ್ತಕ, ಪೆನ್ಸಿಲ್ ಹಿಡಿದು ಗೋಡೆ ಹತ್ತಿರ ಮತ್ತೊಮ್ಮೆ ನಿಲ್ಲಿಸಬೇಕು.